ತಾರೀಖು ಹಾಕಿದ ಮೆಸ್ ಟಿನ್

ಮೊದಲು ಕೇಳಬೇಕು, ಆಮೇಲೆ ತೋರಿಸಬೇಕು. ಗುಬ್ಬಿ ಪೇಟೆಯ ಪಾತ್ರೆ ವ್ಯಾಪಾರಿ ಪ್ರಭುದೇವ ಇಪ್ಪತ್ತಾರು ವರ್ಷಗಳಿಂದ ತಪ್ಪದೆ ಪಾಲಿಸಿಕೊಂಡು ಬಂದ ನಿಯಮ ಇದು. ಸೈನಿಕರ ಹಳೆಯ ಸಾಮಾನು ಕೂಡಿಡುವವರ ಮನೆಗೆ ಜನ ಹುಡುಕಿಕೊಂಡು ಬರುತ್ತಾರೆ. ನಮ್ಮ ತಾತ ಮಿಲಿಟರಿಯಲ್ಲಿದ್ದರು, ಅವರ ನೀರಿನ ಬಾಟಲಿ ನಿಮ್ಮಲ್ಲಿದೆಯಂತೆ ಎನ್ನುತ್ತಾರೆ. ಬಾಟಲಿಯನ್ನು ಮುಂದಿಟ್ಟು ಕೇಳಿದರೆ, ಹೌದು ಇದೇ, ಈ ತಗ್ಗು ಆಗಲೂ ಇತ್ತು ಎಂದುಬಿಡುತ್ತಾರೆ. ಸುಳ್ಳು ಹೇಳಬೇಕೆಂದಲ್ಲ, ಆಸೆ ಹಾಗೆ ಹೇಳಿಸುತ್ತದೆ. ಆದ್ದರಿಂದ ಪ್ರಭುದೇವ ಮೊದಲು ಕೇಳಿ, ಹೇಳಿದ್ದನ್ನು ಹಾಳೆಯ ಮೇಲೆ ಬರೆದುಕೊಂಡು, ಆಮೇಲೆ ಬೀರುವಿನ ಬೀಗ ತೆಗೆಯುತ್ತಿದ್ದರು.

ಮಹಡಿಯ ಕೋಣೆಯಲ್ಲಿ ನೂರ ನಲವತ್ತಮೂರು ಸಾಮಾನುಗಳಿದ್ದವು. ಉಕ್ಕಿನ ಟೋಪಿಗಳು, ಎನಾಮಲ್ ಲೋಟಗಳು, ಕಾಲಿಗೆ ಸುತ್ತುವ ಉಣ್ಣೆ ಪಟ್ಟಿಗಳು, ಸೂಜಿ ದಾರದ ಪುಟ್ಟ ಚೀಲ, ಗಡ್ಡ ಹೆರೆಯುವ ಬ್ರಷ್ಷು, ಮನೆಯಿಂದ ಬಂದ ಇನ್‌ಲ್ಯಾಂಡ್ ಪತ್ರಗಳು. ಗುಂಡು ಹಾರುವಂಥದ್ದು, ಸಿಡಿಯುವಂಥದ್ದು ಒಂದೂ ಇರಲಿಲ್ಲ. ಹೆಚ್ಚಿನವು ಸಿಕ್ಕಿದ್ದು ತುಮಕೂರು ಸತ್ಯಮಂಗಲದ ಗುಜರಿ ಅಂಗಡಿಗಳಲ್ಲಿ. ಪ್ರತಿಯೊಂದಕ್ಕೂ ಒಂದು ಚೀಟಿ. ಚೀಟಿಯಲ್ಲಿ ಆಧಾರವಿದ್ದ ಮಾತು ಮಾತ್ರ. ಕುಣಿಗಲ್‌ನ ಒಂದು ಮನೆಯವರು ಟಿಪ್ಪು ಕಾಲದ್ದೆಂದು ಕೊಟ್ಟ ಕುದುರೆ ಕಡಿವಾಣದ ಚೀಟಿಯಲ್ಲಿ, 'ಟಿಪ್ಪು ಕಾಲದ್ದೆಂಬುದು ಕೊಟ್ಟವರ ಮಾತು. ಆಧಾರ ಸಿಕ್ಕಿಲ್ಲ' ಎಂದು ಬರೆದಿದ್ದರು. ಕೊಟ್ಟವರಿಗೆ ಬೇಸರವಾಗಿತ್ತು. ಚೀಟಿ ಬದಲಾಗಲಿಲ್ಲ. ನೂರ ನಲವತ್ತಮೂರರಲ್ಲಿ ಐವತ್ತೆರಡಕ್ಕೆ ಮಾತ್ರ ಯಜಮಾನನ ಹೆಸರಿತ್ತು. ಉಳಿದ ತೊಂಬತ್ತೊಂದು ಚೀಟಿಗಳಲ್ಲಿ 'ಯಾರದೆಂದು ತಿಳಿದಿಲ್ಲ' ಎಂಬ ಒಂದೇ ಸಾಲು.

ಹೆಂಡತಿ ಸರ್ವಮಂಗಳಗೆ ಈ ಕೋಣೆಯ ಮೇಲೆ ಸಿಟ್ಟೇನೂ ಇರಲಿಲ್ಲ. ಮದ್ದುಗುಂಡು ತುಂಬುವ ಹಳೆಯ ತಗಡಿನ ಪೆಟ್ಟಿಗೆಗಳಲ್ಲಿ ಎರಡನ್ನು ಆಕೆ ಕೆಳಗಿಳಿಸಿಕೊಂಡು ರಾಗಿ ಹಿಟ್ಟು ತುಂಬಿಟ್ಟಿದ್ದರು. ಹುಳು ಬೀಳುವುದಿಲ್ಲವಂತೆ. "ನಮ್ಮೆಜಮಾನ್ರು ಯುದ್ಧಕ್ಕೆ ಹೊರಟ್ರೆ ನಮಗೆಲ್ಲ ಮುದ್ದೆ ಇಲ್ಲ ನೋಡಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಫೆಬ್ರವರಿ ಮೊದಲ ವಾರ ಫೋನ್ ಬಂತು. ಮಾತಾಡಿದವಳು ಹೇಮಶ್ರೀ, ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಟೀಚರು. ಜನವರಿ ಇಪ್ಪತ್ತಾರಕ್ಕೆ ಅಲ್ಲಿಯ ಕಾಲೇಜೊಂದರಲ್ಲಿ ಪ್ರಭುದೇವ ಇಟ್ಟಿದ್ದ ಪ್ರದರ್ಶನವನ್ನು ನೋಡಿದ್ದಳಂತೆ.

"ಸರ್, ನಿಮ್ಮಂಗಡಿ ಮೊದ್ಲಿಂದಾನೂ ಗುಬ್ಬಿ ಪೇಟೇಲೇ ಇತ್ತಾ?"

"ಐವತ್ತೆಂಟ್ನೇ ಇಸವೀಲಿ ನಮ್ಮಪ್ಪ ಹಾಕಿದ್ದು. ಜಾಗ ಬದ್ಲಾಗಿಲ್ಲ. ಯಾಕಮ್ಮ?"

"ನಮ್ಮಜ್ಜಿ ತೌರುಮನೆ ಬೆಳ್ಳಾವಿ ಕಡೆ. ಅವ್ರ ಮದ್ವೇಗೆ ನಿಮ್ಮಲ್ಲೇ ಪಾತ್ರೆ ತಗೊಂಡಿದ್ದಂತೆ ಸರ್. ಅಜ್ಜಿಯ ಅಣ್ಣ ಕರಿಸಿದ್ದಪ್ಪ ಅಂತ, ಮಿಲಿಟರೀಲಿದ್ರು. ಎಪ್ಪತ್ತೊಂದ್ರ ಯುದ್ಧದಲ್ಲಿ ತೀರ್ಕೊಂಡ್ರು. ಅವ್ರದ್ದೊಂದು ಡಬ್ಬಿ ಹಾಕಿ ಪಾತ್ರೆ ತಂದ್ರಂತೆ. ನಿಮ್ಮ ಹತ್ರ ಇರೋದನ್ನೆಲ್ಲ ನೋಡ್ಕೊಂಡ್ ಬಂದು ಅಜ್ಜಿಗೆ ಹೇಳ್ದೆ ನೋಡಿ, ಆವತ್ತಿಂದ ಒಂದೇ ಸಮ. ಗುಬ್ಬಿಗೆ ಕರ್ಕೊಂಡ್ ಹೋಗು, ಗುಬ್ಬಿಗೆ ಕರ್ಕೊಂಡ್ ಹೋಗು ಅಂತ."

ಎಂಥಾ ಡಬ್ಬಿ ಎಂದು ಪ್ರಭುದೇವ ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. "ಭಾನುವಾರ ಬನ್ನಿ. ಆ ಪಾತ್ರೆ ಇನ್ನೂ ಇದ್ರೆ ಅದನ್ನೂ ತನ್ನಿ" ಎಂದರು.

ನೂರ ನಲವತ್ತಮೂರರ ಲೆಕ್ಕಕ್ಕೆ ಸೇರದ ಒಂದು ಸಾಮಾನು ಅವರ ಬಳಿ ಇತ್ತು. ಅದಕ್ಕೆ ಚೀಟಿ ಇರಲಿಲ್ಲ. ಯಾವ ಪ್ರದರ್ಶನಕ್ಕೂ ಅದು ಹೋಗಿರಲಿಲ್ಲ. ಹಳೆಯ ಪಂಚೆಯಲ್ಲಿ ಸುತ್ತಿ ಬೀರುವಿನ ತಳದ ಅರೆಯಲ್ಲಿ ಇಟ್ಟಿದ್ದರು. ಸಿಪಾಯಿಗಳು ಊಟಕ್ಕೆ ಬಳಸುವ ಅಲ್ಯೂಮಿನಿಯಂ ಮೆಸ್ ಟಿನ್ನು ಅದು. ಅವರಿಗೆ ಸಿಕ್ಕಿದ ಮೊದಲ ಸಾಮಾನೂ ಅದೇ. ಅದರ ಮೇಲೆ ಒಂದು ಹೆಸರಿತ್ತು, ಪ್ರಭುದೇವರದೇ ಹೆಸರು.

ಪಾತ್ರೆ ಅಂಗಡಿಯ ಪದ್ಧತಿ ಗೊತ್ತಿದ್ದವರಿಗೆ ಇದು ಹೇಗಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಗೆ ಪಾತ್ರೆ ಉಡುಗೊರೆ ಕೊಡುವವರು ಅದರ ಮೇಲೆ ಹೆಸರು ಹಾಕಿಸುತ್ತಾರೆ. ಈಗ ಕರೆಂಟಿನ ಪೆನ್ನಿನಲ್ಲಿ ಸರ್ರನೆ ಗೀಚಿ ಕೊಡುತ್ತಾರೆ. ಆಗ ಮೊನೆಯಾದ ಚಾಣ ಹಿಡಿದು, ಸಣ್ಣ ಸುತ್ತಿಗೆಯಿಂದ ಟಿಕ್ ಟಿಕ್ ಎಂದು ಚುಕ್ಕಿಯ ಪಕ್ಕ ಚುಕ್ಕಿ ಹೊಡೆದು ಅಕ್ಷರ ಕೂಡಿಸಬೇಕಿತ್ತು. ಹಳೆಯ ಪಾತ್ರೆ ಹಾಕಿ, ಮೇಲಿನ ದುಡ್ಡು ಕೊಟ್ಟು ಹೊಸದನ್ನು ಒಯ್ಯುವವರೂ ಬರುತ್ತಿದ್ದರು. ಹಾಗೆ ಬಂದ ಹಳೆಯದು ಗಟ್ಟಿಯಾಗಿದ್ದರೆ ಕರಗಿಸುತ್ತಿರಲಿಲ್ಲ. ಹೆಸರಿದ್ದ ಜಾಗಕ್ಕೆ ಅರ ಹಾಕಿ ಉಜ್ಜಿ, ಒಳಗಿನಿಂದ ತಟ್ಟಿ ಸಮ ಮಾಡಿ, ಮತ್ತೆ ಮಾರಾಟಕ್ಕಿಡುತ್ತಿದ್ದರು. ಇನ್ನೊಬ್ಬರ ಹೆಸರಿರುವ ಪಾತ್ರೆಯನ್ನು ಯಾರೂ ಮನೆಗೆ ಒಯ್ಯುವುದಿಲ್ಲ.

೧೯೭೩ರ ಬೇಸಿಗೆ, ಮದುವೆಗಳ ಕಾಲ. ಹದಿನೇಳು ವರ್ಷದ ಪ್ರಭು ಅಂಗಡಿಯಲ್ಲಿ ಚಾಣ ಹಿಡಿದು ಕೂತರೆ ದಿನಕ್ಕೆ ಮೂವತ್ತು ನಲವತ್ತು ಪಾತ್ರೆಗಳಿಗೆ ಹೆಸರು ಹಾಕುತ್ತಿದ್ದ. ಹೆಸರು, ಊರು, ತಾರೀಖು, ಮೂರೂ ಇರಲೇಬೇಕೆಂಬುದು ಅಪ್ಪನ ಕಟ್ಟಪ್ಪಣೆ. ಕೊನೆಗೊಂದು ಐದು ಚುಕ್ಕಿಯ ಹೂವನ್ನು ಮಗ ತಾನಾಗಿ ಸೇರಿಸುತ್ತಿದ್ದ. ಅಂಥ ಒಂದು ದಿನ ಹಳೆಯ ಪಾತ್ರೆಗಳ ರಾಶಿಯಲ್ಲಿ ಈ ಟಿನ್ನು ಅವನ ಕಣ್ಣಿಗೆ ಬಿತ್ತು. ಯಾರು ತಂದರೆಂದು ನೋಡಿರಲಿಲ್ಲ. ಹೊರಬದಿಯಲ್ಲಿ ಮೊಳೆಯಿಂದ ಹೊಡೆದ ಒಂದು ನಂಬರು, ಅದರ ಕೆಳಗೆ ಕನ್ನಡದಲ್ಲಿ ಸೊಟ್ಟಸೊಟ್ಟ ಹೆಸರು. ಅಲ್ಯೂಮಿನಿಯಂ ತಾನೇ, ಕರಗಲು ಹಾಕು ಎಂದರು ಅಪ್ಪ. ಮಗ ಕಾಡಿ ಬೇಡಿ ಇಸಿದುಕೊಂಡ. ಮಿಲಿಟರಿ ಡಬ್ಬಿಯಲ್ಲಿ ಬುತ್ತಿ ಕಟ್ಟಿಕೊಂಡು ರೈಲಿನಲ್ಲಿ ತುಮಕೂರಿನ ಕಾಲೇಜಿಗೆ ಹೋಗುವ ಆಸೆ. ಸಂಜೆಯೊಳಗೆ ನಂಬರನ್ನೂ ಹೆಸರನ್ನೂ ಅರ ಹಾಕಿ ಉಜ್ಜಿದ. ನುಣ್ಣಗಾದ ಜಾಗದಲ್ಲಿ ತನ್ನ ಹೆಸರು, ಊರು, ತಾರೀಖು ಹೊಡೆದ. ಹೂವನ್ನೂ ಬಿಡಿಸಿದ.

ಆ ಕೆಲಸ ಏನೆಂದು ತಿಳಿಯಲು ಇಪ್ಪತ್ತಾರು ವರ್ಷ ಬೇಕಾಯಿತು. ೧೯೯೯ರಲ್ಲಿ ಒಬ್ಬ ನಿವೃತ್ತ ಹವಾಲ್ದಾರರು ಅಂಗಡಿಗೆ ಕುಕ್ಕರ್ ಕೊಳ್ಳಲು ಬಂದಿದ್ದರು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ತಿಂಡಿ ಡಬ್ಬಿಯಾಗಿದ್ದ ಟಿನ್ನನ್ನು ಕೈಗೆತ್ತಿಕೊಂಡು ಕೇಳಿದರು. "ಇದ್ರ ಮೇಲೆ ಸಿಪಾಯಿ ನಂಬರ್ ಇರ್ಬೇಕಲ್ಲ ಸಾವ್ಕಾರ್ರೆ. ಎಲ್ಲಿ?"

"ಇತ್ತು. ಉಜ್ಜಿ ಹಾಕ್ದೆ" ಎಂದಿದ್ದರು ಪ್ರಭುದೇವ, ಪೇಟೆಯಲ್ಲಿ ಎಲ್ಲರೂ ಹೇಳುವಷ್ಟೇ ಸಲೀಸಾಗಿ.

ಹವಾಲ್ದಾರರು ಬಯ್ಯಲಿಲ್ಲ. ಟಿನ್ನನ್ನು ಎರಡೂ ಕೈಯಲ್ಲಿ ಮೆಲ್ಲಗೆ ಕೆಳಗಿಟ್ಟರು. ಕುಕ್ಕರ್ ತೆಗೆದುಕೊಂಡು ಹೋದರು. ಮಾರನೆಯ ದಿನದಿಂದ ಪ್ರಭುದೇವ ಅದರಲ್ಲಿ ತಿಂಡಿ ತಿನ್ನಲಿಲ್ಲ. ಆ ತಿಂಗಳು ಗುಜರಿ ಅಂಗಡಿಯಲ್ಲಿ ನಂಬರ್ ಇದ್ದ ಒಂದು ಎನಾಮಲ್ ಲೋಟ ಕಂಡಾಗ, ಅದನ್ನು ಬಿಟ್ಟು ಬರಲಾಗಲಿಲ್ಲ. ಮಹಡಿಯ ಕೋಣೆ ಶುರುವಾದದ್ದು ಹೀಗೆ.

ಭಾನುವಾರ ಹನ್ನೊಂದು ಗಂಟೆಗೆ ಹೇಮಶ್ರೀ ಅಜ್ಜಿಯನ್ನು ಕರೆತಂದಳು. ಹೆಸರು ನಿಂಗಮ್ಮ, ಎಪ್ಪತ್ತೆರಡು ವರ್ಷ, ಕುಣಿಗಲ್‌ಗೆ ಸೊಸೆಯಾಗಿ ಹೋದವರು. ತುಮಕೂರಿನಲ್ಲಿ ಬಸ್ಸು ಬದಲಿಸಿ ಬಂದಿದ್ದರೂ ಆಯಾಸದ ಗುರುತಿಲ್ಲ. ಕಂಕುಳಲ್ಲಿ ಟವೆಲ್ ಸುತ್ತಿದ ಗಂಟೊಂದನ್ನು ಮೊಮ್ಮಗಳ ಕೈಗೂ ಕೊಡದೆ ಹಿಡಿದಿದ್ದರು. ಸರ್ವಮಂಗಳ ಮಜ್ಜಿಗೆ ಕೊಟ್ಟು, ಅಲ್ಲೇ ಇದ್ದ ಪೆಟ್ಟಿಗೆ ತೋರಿಸಿ ರಾಗಿ ಹಿಟ್ಟಿನ ಕತೆ ಹೇಳಿದರು. ನಿಂಗಮ್ಮ ನಕ್ಕರು. "ನಮ್ಮಣ್ಣ ಇದ್ದಿದ್ರೆ ಅವ್ನೂ ಅಂಗೇ ತುಂಬ್ಸೋನು ಬುಡಿ."

ಪ್ರಭುದೇವ ಹಾಳೆ ಪೆನ್ನು ಹಿಡಿದು ಎದುರಿಗೆ ಕೂತರು.

"ಬೇಜಾರ್ ಮಾಡ್ಕೋಬೇಡಿ ಅಮ್ಮ. ಮೊದ್ಲು ನೀವು ಹೇಳ್ಬೇಕು. ಡಬ್ಬಿ ಹೆಂಗಿತ್ತು?"

"ಪೊಲೀಸ್ನೋರು ಕೇಳ್ದಂಗ್ ಕೇಳ್ತೀರಲ್ಲ ಸಾವ್ಕಾರ್ರೆ. ಹೆಂಗಿತ್ತು ಅಂದ್ರೆ... ದುಂಡಗಿರ್ಲಿಲ್ಲ. ಉದ್ದಕ್ಕೆ, ಇಟ್ಟಿಗೆ ಅಂಗಿತ್ತು. ಒಂದ್ರೊಳಗೊಂದು ಕೂತ್ಕಳಾವಂತೆ ಎರಡು. ನಮ್ಮನೇಗ್ ತಂದಿದ್ದು ಒಂದೇಯ."

ಪ್ರಭುದೇವ ಬರೆದುಕೊಂಡರು. ಇದಿಷ್ಟನ್ನು ಯಾರು ಬೇಕಾದರೂ ಹೇಳಬಹುದು. ಪ್ರದರ್ಶನದಲ್ಲಿ ಇಂಥ ಟಿನ್ನುಗಳು ನಾಲ್ಕಿದ್ದವು. ಮೊಮ್ಮಗಳು ಅವನ್ನು ನೋಡಿದ್ದಳು.

"ಸರ್ಕಾರದ ಸಾಮಾನು ಪಲ್ಟನ್ನಲ್ಲೇ ಇರ್ಬೇಕು. ಮನೇಗ್ ಹೆಂಗ್ ಬಂತು?"

"ಹಿಡಿ ಮುರಿದೋಗಿತ್ತು ಕಣಪ್ಪ. ಅಲ್ಲಿ ಹೊಸದು ಕೊಟ್ರಂತೆ, ಹಳೇದ್ನ ಮನೇಲಿರ್ಲಿ ಅಂತ ರಜಾಕ್ ಬರ್ತಾ ತಂದ. ಅದೇ ಕಡೇ ರಜಾ. ಹಿಡಿ ಕೂರ್ಸೋ ಮೊಳೆ ಬಿದ್ದೋಗಿತ್ತು. ಜಗುಲಿ ಮೇಲ್ ಕೂತ್ಕಂಡು ಸೈಕಲ್ ಕಡ್ಡಿ ಕತ್ತರಿಸಿ ತೂರ್ಸಿ ಬಗ್ಗಿಸ್ದ. ಒಂದು ತುದಿ ಆಚೀಗ್ ಚಾಚ್ಕಂಡೇ ಇತ್ತು. ತೊಳೀವಾಗ ನನ್ ಬೆರಳು ಕುಯ್ತು. ಇಲ್ನೋಡಿ."

ನಿಂಗಮ್ಮ ಬಲಗೈಯ ತೋರುಬೆರಳು ಚಾಚಿದರು. ಗೆಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಗೆರೆ.

ಪ್ರಭುದೇವರ ಪೆನ್ನು ನಿಂತಿತು. ಆ ತುದಿ ಅವರ ಬೆರಳನ್ನೂ ಎರಡು ಸಲ ಕುಯ್ದಿತ್ತು.

ನಿಂಗಮ್ಮ ಕೇಳುವವರು ಸಿಕ್ಕ ಖುಷಿಯಲ್ಲಿ ಮಾತು ಮುಂದುವರಿಸಿದರು. "ರಜಾದಲ್ಲಿ ಅದ್ರಲ್ಲೇ ಉಣ್ತೀನಿ ಅಂತ ಹಠ ಹಿಡ್ದ. ಅವ್ವ ಮುದ್ದೆ ಇಕ್ಕುದ್ರೆ ಅದ್ರೊಳೀಕೆ ಕೂರ್ಲೇ ಇಲ್ಲ. ಮುದ್ದೇನ ಉದ್ದುಕ್ ತಿದ್ದಿ ಇಕ್ಕವ್ವ ಅಂತಾನೆ! ಮುದ್ದೆ ಕಾಣ್ದಿರೋರು ಮಾಡಿರೋ ಡಬ್ಬಿ ಕಣಣ್ಣ ಇದು ಅಂದೆ. ನಕ್ಕಂಡು, ನಿನ್ ಮದ್ವೇಗೆ ಮುದ್ದೆ ತೊಳ್ಸೋ ಅಂಥ ದೊಡ್ಡ ತಪ್ಪಲೆ ಕೊಡುಸ್ತೀನಿ ಸುಮ್ಕಿರು ಅಂದ." ಮಜ್ಜಿಗೆ ಲೋಟ ಪಕ್ಕಕ್ಕಿಟ್ಟರು. "ಡಿಸೆಂಬರ್‌ನಾಗೆ ಟೆಲಿಗ್ರಾಂ ಬಂತು. ಅವ್ನ ದೇಹ ಬರ್ಲಿಲ್ಲ. ಬಟ್ಟೆಬರೆ ಬಂದವು, ಅವ್ನ ತಿಥಿ ದಿನವೇ ದಾನ ಕೊಟ್ಬುಟ್ರು. ಉಳಿದಿದ್ದು ಆ ಡಬ್ಬಿ. ಅದ್ನೂ ನಮ್ಮವ್ವ ನನ್ನೊಂದ್ ಮಾತು ಕೇಳ್ದೆ ಇಲ್ಲಿಗ್ ತಂದು ಹಾಕ್ಬುಟ್ಳು. ಅಣ್ಣ ತಪ್ಪಲೆ ಕೊಡುಸ್ತೀನಿ ಅಂದಿದ್ನಲ್ಲ, ಕೊಡ್ಸವ್ನೆ ತಗೋ ಅಂದ್ಳು. ಮಗನ ಡಬ್ಬೀನ ತೂಕಕ್ಕಾಕಿ ಬಂದು ಎಂಥಾ ಮಾತಾಡ್ತಾಳೆ ಅಂತ ನಂಗೆ ಮೈಯೆಲ್ಲ ಉರಿದೋಯ್ತು. ಮದ್ವೆ ಆಗಿ ಹೋದೋಳು ವರ್ಷಗಟ್ಲೆ ಸರಿಯಾಗ್ ಮಾತಾಡ್ಸ್ಲಿಲ್ಲ ಅವ್ಳನ್ನ. ಅವ್ಳು ಸಾಯೋಗಂಟ ಮನ್ಸಲ್ಲಿ ಅದು ಇದ್ದೇ ಇತ್ತು. ಕೈಯಲ್ಲೊಂದ್ಸಲ ಹಿಡ್ಕಂಡು ನೋಡಿದ್ರೆ ಸಾಕು ನಂಗೆ."

"ಒಂದ್ನಿಮಿಷ ಅಮ್ಮ" ಎಂದು ಪ್ರಭುದೇವ ಎದ್ದರು.

ಮಹಡಿ ಹತ್ತಲಿಲ್ಲ. ಅಡುಗೆಮನೆಗೆ ಹೋಗಿ ನಿಂತರು. ಹಿಂದೆಯೇ ಬಂದ ಸರ್ವಮಂಗಳಗೆ ವಿಷಯ ಗೊತ್ತಿತ್ತು. ಐವತ್ತೆರಡು ವರ್ಷದಲ್ಲಿ ಪ್ರಭುದೇವ ಆ ಟಿನ್ನಿನ ಪೂರ್ತಿ ಕತೆ ಹೇಳಿದ್ದು ಅವರೊಬ್ಬರಿಗೇ.

"ಆಧಾರ ಆಧಾರ ಅಂತಿದ್ರಲ್ಲ. ಆಯಮ್ಮ ಬೆರಳ ಮೇಲೇ ತಂದವ್ರೆ. ಇನ್ನೇನ್ ಬೇಕ್ರೀ ನಿಮ್ಗೆ?"

"ಅದ್ರ ಮೇಲೆ ನನ್ನ ಹೆಸ್ರಿದೆಯಲ್ಲೇ."

"ಇದ್ರೆ ಇರ್ಲಿ."

"ಹಿಂಗೇ ಬಂದಿತ್ತು ಅಂದ್ಬಿಡ್ಲಾ? ಉಜ್ಜಿದ್ದು ಯಾರೋ ಗೊತ್ತಿಲ್ಲ ಅಂತ?"

ಸರ್ವಮಂಗಳ ಗಂಡನ ಮುಖ ನೋಡಿದರು. "ಕುದುರೆ ಕಡಿವಾಣದೋರ ಹತ್ರ ಜಗಳ ಕಾದ್ರಲ್ಲ, ಆವತ್ತು ಈ ಮಾತು ಎಲ್ಲೋಗಿತ್ತು? ಹೋಗ್ರಿ. ಬಯ್ದ್ರೆ ಬಯ್ತಾರೆ. ಆ ಹದಿನೇಳು ವರ್ಷದ ಹುಡ್ಗನ್ನ ಇನ್ನೆಷ್ಟು ದಿನ ಬೀರೂನಲ್ಲಿ ಬಚ್ಚಿಡ್ತೀರಾ?"

ಪ್ರಭುದೇವ ಪಂಚೆಯ ಗಂಟನ್ನು ತಂದು ನಿಂಗಮ್ಮನವರ ಮಡಿಲಲ್ಲಿ ಇಟ್ಟು ಬಿಚ್ಚಿದರು.

ನಿಂಗಮ್ಮ ಟಿನ್ನಿನ ಮುಖ ನೋಡಲೇ ಇಲ್ಲ. ಬೆರಳು ನೇರ ಹಿಡಿಯ ಬುಡಕ್ಕೆ ಹೋಯಿತು. ಚಾಚಿಕೊಂಡ ಕಡ್ಡಿಯ ತುದಿ ಸಿಕ್ಕಿತು. ಗೆಣ್ಣಿನ ಬಿಳಿ ಗೆರೆಯನ್ನು ಅದಕ್ಕೆ ಒತ್ತಿ ಹಿಡಿದು, ಹಾಗೇ ಕೂತರು. ಕಣ್ಣಿಂದ ನೀರು ಟಿನ್ನಿನೊಳಕ್ಕೆ ಬೀಳುವಾಗ ಸಣ್ಣ ಸದ್ದು ಕೇಳಿಸುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಸೆರಗಿನಿಂದ ಅದನ್ನು ಒರೆಸಿ ತಿರುಗಿಸಿದರು.

"ಏನೋ ಬರ್ದೈತಲ್ಲ. ಅಣ್ಣನ ಹೆಸ್ರಾ? ಓದು ಕೂಸೆ."

ಹೇಮಶ್ರೀ ಬಗ್ಗಿ ಓದಿದಳು. "ಪ್ರಭು. ಗುಬ್ಬಿ. ಹದಿನಾರು, ನಾಲ್ಕು, ಎಪ್ಪತ್ತಮೂರು."

"ಪ್ರಭು ಅಂದ್ರೆ ಯಾರು?"

"ನಾನೇ ಅಮ್ಮ" ಎಂದರು ಪ್ರಭುದೇವ. ನಿಂತೇ ಹೇಳಿದರು. ಅರ ಹಾಕಿದ್ದು, ಒಳಗಿನಿಂದ ತಟ್ಟಿದ್ದು, ತಮ್ಮ ಹೆಸರು ಹೊಡೆದದ್ದು, ಯಾವುದನ್ನೂ ಬಿಡಲಿಲ್ಲ. ಅಪ್ಪನ ಮೇಲೆ ಹಾಕಲಿಲ್ಲ, ಪದ್ಧತಿಯ ಮೇಲೂ ಹಾಕಲಿಲ್ಲ. "ನಂಬರೂ ಇತ್ತು, ನಿಮ್ಮಣ್ಣ ಹೊಡ್ಕೊಂಡಿದ್ದ ಹೆಸ್ರೂ ಇತ್ತು. ಓದ್ಲೂ ಇಲ್ಲ ನಾನು. ನಂದು ಅನ್ನಿಸ್ಕೋಬೇಕು ಅಂತ ಉಜ್ಜಿಬಿಟ್ಟೆ."

ನಿಂಗಮ್ಮ ಪ್ರಭುದೇವರ ಮುಖವನ್ನೇ ನೋಡಿದರು.

"ಅವ್ವ ತಂದು ಹಾಕುದ್ಲು, ನೀವು ಉಜ್ಜಿ ಹಾಕುದ್ರಿ. ಒಬ್ರಿಗಾದ್ರೂ ಬ್ಯಾಡ ಅನ್ನುಸ್ಲಿಲ್ವೇ ಅವತ್ತು?"

ಪ್ರಭುದೇವ ತಲೆ ತಗ್ಗಿಸಿದರು. ಹೇಮಶ್ರೀ ಟವೆಲಿನ ಗಂಟು ಬಿಚ್ಚಿದಳು. "ಸರ್, ತಪ್ಪಲೆ ತಂದಿದೀವಿ. ಇದ್ರ ಮೇಲೂ ಏನೋ ಇದೆ. ಓದಕ್ಕೇ ಆಗಲ್ಲ."

ಹಿತ್ತಾಳೆ ತಪ್ಪಲೆ. ಐವತ್ತೆರಡು ವರ್ಷ ಹುಣಸೆಹಣ್ಣು, ಬೂದಿ, ತೆಂಗಿನ ನಾರಿನಲ್ಲಿ ತಿಕ್ಕಿಸಿಕೊಂಡು ಅದರ ಕಂಠದ ಕೆಳಗಿನ ಚುಕ್ಕಿಗಳು ಹೆಚ್ಚುಕಡಿಮೆ ಸವೆದಿದ್ದವು.

"ಅದ್ರಾಗೇನೈತೆ" ಎಂದರು ನಿಂಗಮ್ಮ. "ಎಲ್ರ ಪಾತ್ರೆ ಮೇಲೂ ಇರುತ್ತಲ್ಲ, ಮದ್ವೆಣ್ಣಿನ ಹೆಸ್ರು. ನನಗೇನ್ ಓದಕ್ ಬತ್ತದಾ? ಯಾರ್ನೂ ಕೇಳ್ಳಿಲ್ಲ. ಅದ್ನ ನೋಡುದ್ರೇ ಸಿಟ್ಟು ಬರೋದು. ಅದ್ರಲ್ಲೇ ಮುದ್ದೆ ತೊಳ್ಸಿದ್ದೂ ಉಂಟು ಅನ್ನಿ."

ಪ್ರಭುದೇವ ತಪ್ಪಲೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಏನೂ ಕಾಣಲಿಲ್ಲ. ಹೊಡೆದ ಹೆಸರು ಎದ್ದು ಕಾಣಲಿ ಎಂದು ಅಂಗಡಿಯಲ್ಲಿ ಸೀಮೆಸುಣ್ಣ ಉಜ್ಜುವುದುಂಟು. ಮನೆಯಲ್ಲಿ ಸೀಮೆಸುಣ್ಣ ಇರಲಿಲ್ಲ. ದೇವರಮನೆಗೆ ಹೋಗಿ ವಿಭೂತಿ ಗಟ್ಟಿ ತಂದರು. ತಪ್ಪಲೆಯ ಕಂಠದ ಸುತ್ತ ಒತ್ತಿ ಉಜ್ಜಿ, ಮೇಲಿನ ಪುಡಿಯನ್ನು ಅಂಗೈಯಿಂದ ಸವರಿ ತೆಗೆದರು. ಸವೆದ ಚುಕ್ಕಿಗಳ ತಳದಲ್ಲಿ ಬಿಳುಪು ಉಳಿಯಿತು.

ಮೊದಲು ಕಂಡದ್ದು ಬಲತುದಿಯ ಹೂವು. ಐದು ಚುಕ್ಕಿ.

"ಇದು ನನ್ನ ಕೈ" ಎಂದರು ಪ್ರಭುದೇವ ತಮಗೆ ತಾವೇ. ಬೆರಳನ್ನು ಎಡಕ್ಕೆ ಸರಿಸಿದರು. "ಎಪ್ಪತ್ತಮೂರು... ನಾಲ್ಕು... ಹದಿನಾರು." ಟಿನ್ನಿನ ಮೇಲಿನ ತಾರೀಖನ್ನು ಇನ್ನೊಮ್ಮೆ ನೋಡಿದರು. ಅದೇ ದಿನ. ಟಿನ್ನು ಒಳಗೆ ಬಂದ ದಿನವೇ ತಪ್ಪಲೆ ಹೊರಗೆ ಹೋಗಿತ್ತು. ಎರಡರ ಮೇಲೂ ಒಂದೇ ಚಾಣ. ಅರ ಹಾಕಿ ಹೆಸರಳಿಸಿದ ಹುಡುಗ ಪದ್ಧತಿ ಬಿಡದೆ ತಾರೀಖು ಹಾಕಿರದಿದ್ದರೆ ಈ ಎರಡೂ ಒಂದೇ ದಿನದವೆಂದು ತಿಳಿಯುತ್ತಲೇ ಇರಲಿಲ್ಲ.

ಸಾಲಿನ ಮೊದಲಿಗೆ ಹೋಗಿ, ಒಂದೊಂದೇ ಅಕ್ಷರ ಹಿಡಿದು ಓದತೊಡಗಿದರು. ಎರಡನೆಯ ಮಾತಿಗೇ ನಿಲ್ಲಿಸಿದರು. ತಪ್ಪಲೆಯನ್ನು ಹೇಮಶ್ರೀಯ ಕಡೆ ತಿರುಗಿಸಿದರು. "ನೀನೇ ಓದಮ್ಮ. ಅಜ್ಜಿಗೆ ಕೇಳ್ಸೋ ಹಾಗೆ ಓದು."

"ತಂಗಿ ನಿಂಗಮ್ಮನಿಗೆ... ಅಣ್ಣ ಕರಿಸಿದ್ದಪ್ಪ ಕೊಟ್ಟಿದ್ದು. ಗುಬ್ಬಿ. ಹದಿನಾರು ನಾಲ್ಕು ಎಪ್ಪತ್ತಮೂರು."

ಬೀದಿಯಲ್ಲಿ ಕೊಬ್ಬರಿ ಚೀಲ ಹೇರಿದ ಆಟೊ ಒಂದು ಹಾರನ್ ಹೊಡೆಯುತ್ತ ಹೋಯಿತು.

"ಅಂಗಂತ ಐತಾ?" ಎಂದರು ನಿಂಗಮ್ಮ. "ಅಣ್ಣನ ಹೆಸ್ರು ಐತಾ?"

"ಐತೆ ಅಜ್ಜಿ."

"ಯಾರ್ ಬರ್ಸಿದ್ದು?"

"ನಿಮ್ಮ ತಾಯಿನೇ ಬರೆಸಿರ್ಬೇಕು ಅಮ್ಮ" ಎಂದರು ಪ್ರಭುದೇವ. "ಕೊಳ್ಳೋರು ನಿಂತು ಹೇಳ್ದೆ ನಾವ್ ಒಂದಕ್ಷರಾನೂ ಹೊಡೆಯಲ್ಲ. ಸಾಮಾನ್ಯವಾಗಿ ಕೊಡೋರ ಹೆಸ್ರು ಹಾಕಿಸ್ತಾರೆ. ಅವ್ರು ತಮ್ಮ ಹೆಸ್ರು ಹಾಕಿಸ್ಲಿಲ್ಲ, ನೋಡಿ. ಮಗನ ಹೆಸ್ರು ಹಾಕ್ಸಿದಾರೆ."

"ನಮ್ಮವ್ವ ಸಿದ್ದಲಕ್ಷ್ಮಮ್ಮ" ಎಂದರು ನಿಂಗಮ್ಮ, ತಾಯಿಯನ್ನು ಈಗಷ್ಟೇ ಒಳಗೆ ಕರೆತಂದು ಪರಿಚಯಿಸಿದ ಹಾಗೆ. "ಅಣ್ಣ ಕೊಡ್ಸವ್ನೆ ತಗೋ ಅಂದ್ಳು. ಅಷ್ಟೇ ಅಂದಿದ್ದು. ಬರ್ಸೀನಿ ಅಂತ ಬಾಯ್ಬುಟ್ಟು ಹೇಳ್ಬಾರ್ದಾಗಿತ್ತಾ ಮಾರಾಯ್ತಿ! ಅವ್ಳಿಗೂ ಓದಕ್ ಬರ್ತಿರ್ಲಿಲ್ಲ. ನೀವು ಬರ್ದಿದ್ದು ಸರಿಯಾಗೈತೋ ಇಲ್ವೋ ಅಂತ್ಲೂ ಗೊತ್ತಿರ್ಲಿಲ್ಲ ಅವ್ಳಿಗೆ. ನಂಬ್ಕಂಡು ತಂದವ್ಳೆ."

ತಪ್ಪಲೆಯನ್ನು ಎಳೆದುಕೊಂಡು ವಿಭೂತಿಯ ಬಿಳಿ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಆಮೇಲೆ ಪ್ರಭುದೇವರ ಕಡೆ ತಿರುಗಿದರು.

"ಅಂದ್ರೆ ನೀವು ಡಬ್ಬೀಲಿ ಅಳಿಸಿದ್ದನ್ನ ಈ ತಪ್ಪಲೇಲಿ ಬರ್ದಿದೀರಿ."

"ನೆನಪೇ ಇರ್ಲಿಲ್ಲ ಅಮ್ಮ. ದಿನಾ ಎಷ್ಟೋ ಹೆಸ್ರು ಹೊಡೀತಿದ್ದೆ. ಕಿವೀಲಿ ಕೇಳಿ ಕೈಯಲ್ಲಿ ಹೊಡಿಯೋದು, ಮರೆಯೋದು."

"ಮರೆತ್ರೆ ಮರೀರಿ. ಕೈ ಬರೀತಲ್ಲ." ನಿಂಗಮ್ಮ ಟಿನ್ನನ್ನು ಎತ್ತಿ ಬೆಳಕಿಗೆ ಹಿಡಿದರು. "ಕರಗ್ಸಿದ್ರೆ ಇದೂ ಇರ್ತಿರ್ಲಿಲ್ಲ. ನಿಮ್ ಹುಡುಗ್ ಬುದ್ಧಿ ಉಳುಸ್ತು ಇದ್ನ. ನಿಮ್ಮ ಕೈ ತಣ್ಣಗಿರ್ಲಿ ಸಾವ್ಕಾರ್ರೆ."

ಪ್ರಭುದೇವರಿಗೆ ಬಯ್ಗುಳವಾಗಿದ್ದರೆ ಹೇಗಾದರೂ ನುಂಗಿಕೊಳ್ಳಬಹುದಿತ್ತು. ಇದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಕೈ ಮುಗಿದರು. "ಇದು ನಿಮ್ಮದು ಅಮ್ಮ. ತಗೊಂಡ್ ಹೋಗಿ. ಆದ್ರೆ ಒಂದರ್ಧ ಗಂಟೆ ಕೊಡಿ ನಂಗೆ."

ಅಟ್ಟದ ಮೇಲಿನ ಡಬ್ಬಿಯಿಂದ ಅಪ್ಪನ ಕಾಲದ ಚಾಣ, ಸುತ್ತಿಗೆ, ಅರ ಮೂರನ್ನೂ ಇಳಿಸಿದರು. ಟಿನ್ನನ್ನು ಮೊಣಕಾಲ ನಡುವೆ ಕೂರಿಸಿಕೊಂಡು ಅರವನ್ನು 'ಪ್ರಭು' ಎಂಬ ಅಕ್ಷರಗಳ ಮೇಲೆ ಇಟ್ಟರು.

"ಏನ್ ಮಾಡ್ತೀರಿ?" ನಿಂಗಮ್ಮ ತಟ್ಟನೆ ಕೈ ಅಡ್ಡ ಹಿಡಿದರು.

"ನನ್ನ ಹೆಸ್ರು ತೆಗೀತೀನಿ. ನಿಮ್ಮಣ್ಣನ ಹೆಸ್ರು ಹಾಕ್ಬೇಕಲ್ಲ."

"ಒಂದ್ಸಲ ಉಜ್ಜಿದ್ದು ಸಾಲ್ದಾ? ಅಣ್ಣಂದೂ ಹಾಕಿ, ನಿಮ್ದೂ ಇರ್ಲಿ. ಇಷ್ಟ್ ವರ್ಷ ಕಾಯ್ದೋರು ಯಾರು ಅಂತ ಬ್ಯಾಡ್ವಾ?"

ಅರ ಪಕ್ಕಕ್ಕೆ ಹೋಯಿತು. ತಮ್ಮ ಹೆಸರಿನ ಮೇಲುಗಡೆಯ ಖಾಲಿ ಜಾಗದಲ್ಲಿ ಪ್ರಭುದೇವ ಚಾಣ ಇಟ್ಟರು. ಅರವತ್ತೊಂಬತ್ತರ ಕೈ. ಅಂಗಡಿಗೆ ಕರೆಂಟಿನ ಪೆನ್ನು ಬಂದ ಮೇಲೆ ಸುತ್ತಿಗೆ ಹಿಡಿದಿರಲಿಲ್ಲ. ಮೊದಲ ಅಕ್ಷರ ಸ್ವಲ್ಪ ವಾಲಿತು. ಆಮೇಲೆ ಟಿಕ್ ಟಿಕ್ ಎಂಬ ಸದ್ದು ಒಂದು ಹದಕ್ಕೆ ಬಂತು. ಕರಿಸಿದ್ದಪ್ಪ.

"ನಂಬರ್ ಗೊತ್ತಾ?"

ನಿಂಗಮ್ಮನವರಿಗೆ ಗೊತ್ತಿರಲಿಲ್ಲ. ತಾಯಿಯ ಪೆನ್ಷನ್ ಕಾಗದ ತೌರುಮನೆಯಲ್ಲಿ ಇದ್ದರೂ ಇರಬಹುದು, ಹುಡುಕಿಸುತ್ತೇನೆ ಎಂದಳು ಹೇಮಶ್ರೀ.

"ಸಿಕ್ಕಿದ್ರೆ ಇದನ್ನ ತನ್ನಿ, ಹೊಡ್ಕೊಡ್ತೀನಿ. ಸಿಗೋವರ್ಗೂ ಖಾಲಿ ಇರ್ಲಿ. ಅಂದಾಜಿಗೆ ಹಾಕೋದ್ ಬೇಡ." ಹೆಸರಿನ ಮೇಲೆ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದರು. ಕೊನೆಗೆ ಐದು ಚುಕ್ಕಿಯ ಹೂವು.

ಊಟವಾದ ಮೇಲೆ ಪ್ರಭುದೇವ ಇಬ್ಬರನ್ನೂ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದರು. ಟಿನ್ನು ತಪ್ಪಲೆಯೊಳಗೆ ಅಳತೆ ಮಾಡಿಸಿದಂತೆ ಕೂತಿತ್ತು. ಎರಡನ್ನೂ ಒಂದೇ ಟವೆಲಿನಲ್ಲಿ ಸುತ್ತಿ, ನಿಂಗಮ್ಮ ತೊಡೆಯ ಮೇಲಿಟ್ಟುಕೊಂಡು ಕಿಟಕಿ ಪಕ್ಕ ಕೂತರು. ಬಸ್ಸು ತಿರುಗುವಾಗ ಒಂದು ಕೈ ಗಂಟಿನ ಮೇಲೆ ಇಟ್ಟು, ಇನ್ನೊಂದನ್ನು ಹೊರಗೆ ಚಾಚಿ ಆಡಿಸಿದರು.

ಆ ಸಂಜೆ ಪಟ್ಟಿಯ ಪುಸ್ತಕದಲ್ಲಿ ಪ್ರಭುದೇವ ನೂರ ನಲವತ್ತನಾಲ್ಕನೆಯ ಸಾಮಾನನ್ನು ಸೇರಿಸಿದರು. ಒಂದಕ್ಷರವನ್ನೂ ಹೊಡೆದು ಹಾಕದೆ, ನಿಧಾನವಾಗಿ ಬರೆದರು:

'ಮೆಸ್ ಟಿನ್, ಅಲ್ಯೂಮಿನಿಯಂ, ಒಂದು. ಸಿಪಾಯಿ ಕರಿಸಿದ್ದಪ್ಪ ಅವರದು. ಆಧಾರ: ಹಿಡಿಯ ಸೈಕಲ್ ಕಡ್ಡಿ, ನೋಡುವ ಮೊದಲು ತಂಗಿ ಹೇಳಿದ್ದು, ಅದೇ ದಿನ ಅದೇ ಅಂಗಡಿಯಲ್ಲಿ ಬರೆಸಿದ ತಪ್ಪಲೆ. ಮೂಲ ಹೆಸರು, ನಂಬರು ಅಳಿಸಿದವನು: ಪ್ರಭುದೇವ. ತಪ್ಪಲೆಯ ಮೇಲೆ ಆ ಹೆಸರು ಬರೆಸಿದವರು: ತಾಯಿ ಸಿದ್ದಲಕ್ಷ್ಮಮ್ಮ. ಈಗ ಇರುವುದು: ಕುಣಿಗಲ್, ತಂಗಿಯ ಮನೆಯಲ್ಲಿ.'

ಪೆನ್ನು ಮುಚ್ಚಿ, ಮತ್ತೆ ತೆರೆದು, 'ಬರೆಸಿದವರು' ಎಂಬಲ್ಲಿ ಸಣ್ಣದಾಗಿ 'ಇದು ಊಹೆ. ಬೇರೆ ಯಾರೂ ಬಂದಿರಲಿಲ್ಲವೆಂದು ಮಗಳ ಮಾತು' ಎಂದು ಸೇರಿಸಿದರು. ಅದನ್ನು ಖಚಿತ ಮಾಡಿಕೊಳ್ಳಲೆಂದೇ ಬಸ್‌ಸ್ಟ್ಯಾಂಡಿನಲ್ಲಿ ನಿಂಗಮ್ಮನವರನ್ನು ಕೇಳಿದ್ದರು. "ಇನ್ಯಾರ್ ಬತ್ತಾರೆ? ಒಬ್ಳೇ ನಡ್ಕಂಡ್ ಬಂದಿದ್ಳು" ಎಂದಿದ್ದರು ಆಕೆ.

ಮಾರನೆಯ ದಿನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಹೇಮಶ್ರೀ ಫೋನ್ ಮಾಡಿದಳು.

"ಸರ್, ಅಜ್ಜಿ ರಾತ್ರಿ ಅದ್ರಲ್ಲೇ ಊಟ ಮಾಡಿದ್ರು."

"ಏನ್ ಊಟ ಮಾಡಿದ್ರು?"

"ಆ ತಪ್ಪಲೇಲಿ ತಾವೇ ಮುದ್ದೆ ತೊಳ್ಸಿದ್ರು. ಟಿನ್ನಿಗೆ ಹಾಕೋವಾಗ ಕೂರ್ಲಿಲ್ಲ. ಉದ್ದಕ್ಕೆ ತಿದ್ದಿ ಹಾಕ್ಕೊಂಡ್ರು ಸರ್."